ಕೋಟೆ ಗಟ್ಟಿ, ಕಣಜ ಖಾಲಿ

ಮೇಷ್ಟ್ರ ಅಂಗಳ: ಓದುಗರ ಪ್ರಶ್ನೆ, ನಿವೃತ್ತ ಪಿ.ಇ. ಮೇಷ್ಟ್ರ ಉತ್ತರ

ಹೋದ ಸಂಚಿಕೆಯಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಹುಡುಗರ ಬ್ಯಾಸ್ಕೆಟ್‌ಬಾಲ್ ತಂಡದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಮಗಳ ಮನೆ ಅಲ್ಲಿಂದ ಒಂದು ಗಂಟೆ ದಾರಿ, ರಿಚ್ಮಂಡಿನಲ್ಲಿ. 2024ರ ಫೆಬ್ರವರಿ 17ರ ಶನಿವಾರ ಅಳಿಯ ಟಿಕೆಟ್ ತೆಗೆಸಿ ಷಾರ್ಲಟ್ಸ್‌ವಿಲ್‌ಗೆ ಕರಕೊಂಡು ಹೋಗಿದ್ದ. ಎದುರಾಳಿ ವೇಕ್ ಫಾರೆಸ್ಟ್. ನಲವತ್ತು ನಿಮಿಷ ಆಡಿದ ಮೇಲೆ ವರ್ಜೀನಿಯಾ ಗೆದ್ದದ್ದು 49–47ರಲ್ಲಿ. "ಇಂಥ ಡಿಫೆನ್ಸ್ ನನ್ನ ಜನ್ಮದಲ್ಲಿ ಕಂಡಿರಲಿಲ್ಲ, ಇಂಥ ಅಫೆನ್ಸ್ ನನ್ನ ಕಾಲೇಜಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ" ಅಂತ ಬರೆದು ಮುಗಿಸಿದ್ದೆ. ಅಷ್ಟಕ್ಕೇ ಇಷ್ಟು ಪತ್ರ! ಕ್ರಿಕೆಟ್ ಬಗ್ಗೆ ಪುಟಗಟ್ಟಲೆ ಬರೆದಾಗಲೂ ಇಷ್ಟು ಬಂದಿರಲಿಲ್ಲ. ಹಾಗಾಗಿ ಈ ಸಲದ ಅಂಗಳವೆಲ್ಲ ಆ ತಂಡದ್ದೇ.

ಪ್ರಶ್ನೆ: ಎದುರಾಳಿಯನ್ನು 47ಕ್ಕೆ ಕಟ್ಟಿಹಾಕುವ ತಂಡಕ್ಕೆ 48 ಹೊಡೆದರೆ ಸಾಕಲ್ಲವೇ? ಅಂಥವರು ಸೋಲುವುದಾದರೂ ಹೇಗೆ? — ಲೆಕ್ಕಪರಿಶೋಧಕರು, ಹಾಸನ

ಸಾಕು ಸ್ವಾಮಿ. ಆ 48 ಬರೋದೇ ಇಲ್ಲವಲ್ಲ, ಅದೇ ಪೀಕಲಾಟ.

ನಾನು ಊರಿಗೆ ವಾಪಸಾದ ಮೇಲೆ, ಅದೇ ವರ್ಷ ಮಾರ್ಚಿನಲ್ಲಿ, ಅದೇ ತಂಡ ಅಮೆರಿಕದ ಕಾಲೇಜುಗಳ ರಾಷ್ಟ್ರಮಟ್ಟದ ಎನ್‌ಸಿಎಎ ಟೂರ್ನಿಯ ಬಾಗಿಲ ಬಳಿಯ ಪಂದ್ಯ ಆಡಿತು. ಓಹಾಯೊ ರಾಜ್ಯದ ಡೇಟನ್ನಿನಲ್ಲಿ, ಕೊಲರಾಡೊ ಸ್ಟೇಟ್ ಮೇಲೆ. ಅವರಿಗೆ ರಾತ್ರಿ, ನಮಗೆ ಮೈಸೂರಿನಲ್ಲಿ ಬೆಳಗಿನ ಕಾಫಿ ಹೊತ್ತು. ನಾನು ಲೋಟ ಹಿಡಿದು ಕೂತೆ. ಕಾಫಿ ಮುಗಿಯಿತು, ಪೇಪರ್ ಬಂತು, ಮನೆಯಾಕೆ ಉಪ್ಪಿಟ್ಟು ತಂದಿಟ್ಟಳು. ಮೊದಲರ್ಧ ಮುಗಿದಾಗ ವರ್ಜೀನಿಯಾದ ಲೆಕ್ಕದಲ್ಲಿ ಇದ್ದದ್ದು 14 ಪಾಯಿಂಟ್. ಇಪ್ಪತ್ತು ನಿಮಿಷಕ್ಕೆ ಹದಿನಾಲ್ಕು! ಎದುರಾಳಿಯೂ ಏನು ಕುಣಿದಾಡುತ್ತಿರಲಿಲ್ಲ, ಅವರದ್ದು 27. ಕೊನೆಗೆ 67–42. "ಅವರು ನಿಮ್ಮ ಕಾಲೇಜಿನವರಾ?" ಅಂತ ಕೇಳಿ ಮನೆಯಾಕೆ ತಟ್ಟೆ ತೆಗೆದುಕೊಂಡು ಹೋದಳು.

ಆ ತಂಡದಲ್ಲಿ ರೀಸ್ ಬೀಕ್‌ಮನ್ ಅಂತ ಒಬ್ಬ ಗಾರ್ಡ್, ಚೆಂಡು ನಡೆಸುವವನು. ಅವರ ಲೀಗ್ ಎಸಿಸಿಯಲ್ಲಿ 2023, 2024 ಎರಡೂ ವರ್ಷ ಅತ್ಯುತ್ತಮ ಡಿಫೆಂಡರ್ ಪ್ರಶಸ್ತಿ ಅವನದೇ. ಜೊತೆಗೆ ರಯಾನ್ ಡನ್ ಅನ್ನುವ ಉದ್ದನೆಯ ತೋಳಿನ ಹುಡುಗ. ಎದುರಾಳಿ ರಿಂಗಿನ ಬಳಿ ಓಡಿಬಂದು ಲೇ-ಅಪ್‌ಗೆ ಎದ್ದರೆ ಎಲ್ಲಿಂದಲೋ ಅವನ ಕೈ ಬಂದಿರುತ್ತಿತ್ತು. ಆ ವರ್ಷವೇ ಅವನು ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡ ಸೇರಿದ. ಇಬ್ಬರು ಕಾವಲುಗಾರರೂ ಹುಲಿಗಳೇ. ಆದರೆ ಚೆಂಡು ತಮ್ಮ ಕೈಗೆ ಬಂದಾಗ ದೂರದಿಂದ ಹೊಡೆಯಬಲ್ಲವರು ಆ ತಂಡದಲ್ಲಿ ಒಬ್ಬರೋ ಇಬ್ಬರೋ. ಎದುರಾಳಿ ಕೋಚ್ ಪೆದ್ದನಲ್ಲ. ಹೊಡೆಯಲಾರದವನನ್ನು ಬಿಟ್ಟುಬಿಡು, ಅವನನ್ನು ಕಾಯಬೇಕಾದವನು ರಿಂಗಿನ ಕೆಳಗೆ ಹೋಗಿ ನಿಲ್ಲಲಿ ಅಂತಾನೆ. ಆಗ ಒಳಗೆ ನುಗ್ಗುವ ದಾರಿಯೂ ಬಂದ್. ಒಬ್ಬನಿಗೆ ಶಾಟ್ ಇಲ್ಲದಿದ್ದರೆ ಐವರಿಗೂ ಜಾಗ ಇರುವುದಿಲ್ಲ. ನೀವು ಲೆಕ್ಕದವರಾದ್ದರಿಂದ ಹೇಳುತ್ತೇನೆ, ಅಫೆನ್ಸಿನಲ್ಲಿ ಒಬ್ಬನ ಸಾಲ ಐವರ ಖಾತೆಗೂ ಏರುತ್ತದೆ.

ಪ್ರಶ್ನೆ: ಸರ್, ಈ ತಂಡದ ಡಿಫೆನ್ಸಿಗೆ "ಪ್ಯಾಕ್ ಲೈನ್" ಅಂತಾರಂತೆ. ನಾನು ಕಾಲೇಜ್ ಟೀಮಿನಲ್ಲಿ ಗಾರ್ಡ್ ಆಡ್ತೀನಿ. ಸ್ವಲ್ಪ ಬಿಡಿಸಿ ಹೇಳ್ತೀರಾ? ನಾವೂ ಆಡಬಹುದಾ? — ಬಿ.ಕಾಂ. ವಿದ್ಯಾರ್ಥಿನಿ, ಮಂಡ್ಯ

ಖಂಡಿತ ಆಡಬಹುದು ತಂಗಿ. ಹೇಳ್ತೀನಿ ಕೇಳು.

ಕೋರ್ಟಿನ ಮೇಲೆ ಬಳಿಯದ ಒಂದು ಗೆರೆ ಊಹಿಸಿಕೋ. ರಿಂಗಿನಿಂದ ಸುಮಾರು 16 ಅಡಿ ದೂರ, ಆಚೆಯಿಂದ ಹಾಕಿದರೆ ಮೂರು ಪಾಯಿಂಟ್ ಸಿಗುವ ತ್ರೀ ಪಾಯಿಂಟ್ ಗೆರೆಯ ಹಾಗೇ ಕಮಾನಿನ ಆಕಾರ. ಚೆಂಡು ಹಿಡಿದವಳ ಮುಂದೆ ಒಬ್ಬಳು ಮಾತ್ರ ಗೆರೆ ದಾಟಿ ಹೋಗಿ ಮೈಮೇಲೆ ಬಿದ್ದಂತೆ ಕಾಯಬೇಕು. ಉಳಿದ ನಾಲ್ವರೂ ಆ ಗೆರೆಯ ಒಳಗೇ. ನಮ್ಮಲ್ಲಿ ಮ್ಯಾನ್ ಟು ಮ್ಯಾನ್ ಅಂದರೆ ಪಾಸ್ ಬರುವ ದಾರಿಗೆ ಕೈ ಚಾಚಿ ನಿಲ್ಲೋದು ಅಂತ ಕಲಿಸ್ತೀವಲ್ಲ, ಇಲ್ಲಿ ಅದಿಲ್ಲ. ಹೊರಗೆ ಹೊರಗೇ ಪಾಸ್ ಮಾಡಿಕೊಳ್ಳಲಿ, ಬೇಡ ಅನ್ನೋದಿಲ್ಲ. ಒಳಗೆ ಬಂದರೆ ಮಾತ್ರ ಗೋಡೆ. ಕಬಡ್ಡಿಯಲ್ಲಿ ರೈಡರ್ ಬೋನಸ್ ಗೆರೆ ಹತ್ತಿರ ಸುಳಿದಾಡಿದರೆ ಯಾರೂ ಹಾರೋದಿಲ್ಲ, ಒಂದು ಹೆಜ್ಜೆ ಒಳಗಿಟ್ಟ ಕೂಡಲೇ ಸರಪಳಿ ಮುಚ್ಚಿಕೊಳ್ಳುತ್ತದಲ್ಲ, ಹಾಗೆ.

ಕಷ್ಟ ಇರೋದು ಕಾಲಿಗೆ. ಒಳಗಿದ್ದವಳ ಆಟಗಾರ್ತಿಗೆ ಪಾಸ್ ಹೋಯಿತು ಅನ್ನು. ಚೆಂಡು ಗಾಳಿಯಲ್ಲಿ ಇರುವಾಗಲೇ ಓಡಿಹೋಗಿ, ಕೊನೆಯ ಎರಡು ಹೆಜ್ಜೆ ಚಿಕ್ಕದು ಮಾಡಿ, ಕೈಯೆತ್ತಿ ನಿಲ್ಲಬೇಕು. ತಡವಾದರೆ ಅವಳು ಹೊಡೀತಾಳೆ, ಜೋರಾಗಿ ನುಗ್ಗಿದರೆ ಪಕ್ಕಕ್ಕೆ ದಾಟಿ ಹೋಗ್ತಾಳೆ. ಷಾರ್ಲಟ್ಸ್‌ವಿಲ್ಲಿನಲ್ಲಿ ನಾನು ಚೆಂಡು ನೋಡಲೇ ಇಲ್ಲ ಅಂದರೂ ಆದೀತು. ಚೆಂಡಿಲ್ಲದ ಕಡೆಯ ನಾಲ್ಕು ಜೊತೆ ಪಾದಗಳನ್ನೇ ನೋಡುತ್ತಿದ್ದೆ. ಪ್ರತಿ ಪಾಸಿಗೂ ನಾಲ್ವರೂ ಒಟ್ಟಿಗೆ ಸರಿಯುತ್ತಿದ್ದರು, ಒಂದೇ ದಾರಕ್ಕೆ ಕಟ್ಟಿದಂತೆ. ಇನ್ನೊಂದು ವಿಷಯ, ತಾವು ಶಾಟ್ ಹೊಡೆದ ಕೂಡಲೇ ಬಹುಪಾಲು ಜನ ರಿಂಗಿನಿಂದ ಪುಟಿದ ಚೆಂಡು ಹಿಡಿಯುವ ರೀಬೌಂಡಿಗೆ ಹೋಗದೆ ತಮ್ಮ ಕಡೆಗೆ ಓಡಿಬಿಡುತ್ತಿದ್ದರು. ಎದುರಾಳಿಗೆ ಫಾಸ್ಟ್ ಬ್ರೇಕ್, ಅಂದರೆ ಕಾವಲು ಕೂಡುವ ಮುಂಚೆ ಓಡಿಬಂದು ಹೊಡೆಯುವ ಅವಕಾಶ, ಸಿಗಬಾರದು ಅಂತ. ಹಾಗೆ ಓಡುವುದರಿಂದ ತಪ್ಪಿದ ಶಾಟಿಗೆ ಎರಡನೇ ಅವಕಾಶವೂ ಸಿಗೋದಿಲ್ಲ. ರಕ್ಷಣೆಗೆ ಕಟ್ಟಿದ ಕಂದಾಯ ಅದು.

ಈ ಪದ್ಧತಿ ಕಟ್ಟಿದವರು ಡಿಕ್ ಬೆನೆಟ್, ವಿಸ್ಕಾನ್ಸಿನ್ನಿನ ಕೋಚ್. 2000ನೇ ಇಸವಿಯಲ್ಲಿ ಇದನ್ನೇ ಆಡಿಸಿ ವಿಸ್ಕಾನ್ಸಿನ್ ತಂಡವನ್ನು ಎನ್‌ಸಿಎಎ ಸೆಮಿಫೈನಲ್‌ವರೆಗೆ ಕೊಂಡೊಯ್ದರು, ಅಲ್ಲಿ ಮಿಷಿಗನ್ ಸ್ಟೇಟ್ ಕೈಲಿ 53–41ಕ್ಕೆ ಸೋತರು. ಅಂಕಿ ನೋಡಿದರೇ ಗೊತ್ತಾಗುತ್ತೆ, ಆ ಮನೆಯ ಜಾಯಮಾನ. ಅವರ ಮಗ ಟೋನಿ ಬೆನೆಟ್ 2009ರಲ್ಲಿ ವರ್ಜೀನಿಯಾಕ್ಕೆ ಬಂದು ಅದನ್ನೇ ಬಿತ್ತಿದರು.

ನಿಮಗೆ ಒಂದು ಅನುಕೂಲ ಇದೆ. ಶಾಟ್ ಕ್ಲಾಕ್, ಅಂದರೆ ಚೆಂಡು ಸಿಕ್ಕವರು ಶಾಟ್ ಹೊಡೆಯಲೇಬೇಕಾದ ಗಡುವು, ಅಲ್ಲಿನ ಕಾಲೇಜು ಆಟದಲ್ಲಿ 30 ಸೆಕೆಂಡ್, ನಮ್ಮಲ್ಲಿ 24. ಕಾಯಬೇಕಾದ ಹೊತ್ತು ಕಡಿಮೆ. ಆದರೆ ನಿಮ್ಮ ಎದುರಾಳಿಗಳಲ್ಲಿ ದೂರದಿಂದ ಹೊಡೆಯುವವರು ಇಬ್ಬರಿಗಿಂತ ಹೆಚ್ಚಿದ್ದರೆ ಇದನ್ನು ಆಡಬೇಡ. ಯಾಕೆ ಅನ್ನೋದಕ್ಕೆ ಮುಂದಿನ ಒಂದು ಪತ್ರ ಇದೆ, ಓದು.

ಪ್ರಶ್ನೆ: ಕನ್ನಡ ಪತ್ರಿಕೆಯಲ್ಲಿ ಅಮೆರಿಕದ ಕಾಲೇಜು ಹುಡುಗರ ಪುರಾಣ ಯಾಕೆ? — ಓದುಗರು, ಧಾರವಾಡ

ಸೋಲಿಗೆ ಪಾಸ್‌ಪೋರ್ಟ್ ಬೇಕಿಲ್ಲ ಅಂತ. ಮುಂದಿನ ಸಂಚಿಕೆಯಲ್ಲಿ ಖೋ ಖೋ ಇದೆ, ಕೋಪ ಬಿಡಿ.

ಪ್ರಶ್ನೆ: ಮೇಷ್ಟ್ರೇ, ನಾನು ಯುಎಂಬಿಸಿಯಲ್ಲಿ ಎಂ.ಎಸ್. ಮಾಡಿದವನು. ನಮ್ಮ ಕಾಲೇಜಿನ ಹೆಸರು ಹೇಳದೆ ವರ್ಜೀನಿಯಾ ಬಗ್ಗೆ ಬರೆದಿರಲ್ಲ, ಇದು ನ್ಯಾಯವೇ? — ಬಾಲ್ಟಿಮೋರಿನ ಕನ್ನಡಿಗ

ಅಪ್ಪಾ, ನಿನ್ನ ಪತ್ರ ಬರದಿದ್ದರೆ ಆಶ್ಚರ್ಯ ಪಡುತ್ತಿದ್ದೆ. ಉಳಿದವರಿಗೆ ಕಥೆ ಹೇಳಿಬಿಡುತ್ತೇನೆ.

2018ರಲ್ಲಿ ವರ್ಜೀನಿಯಾ 31 ಗೆದ್ದು ಎರಡೇ ಎರಡು ಸೋತು ಟೂರ್ನಿಗೆ ಬಂದಿತ್ತು. ದೇಶಕ್ಕೇ ಮೊದಲ ಶ್ರೇಯಾಂಕ. ಅಲ್ಲಿ 64 ತಂಡಗಳನ್ನು ನಾಲ್ಕು ಭಾಗ ಮಾಡಿ ಒಂದರಿಂದ ಹದಿನಾರರವರೆಗೆ ಅಂಕಿ ಕೊಡುತ್ತಾರೆ, ಒಂದನೆಯವನಿಗೆ ಹದಿನಾರನೆಯವನು ಜೋಡಿ. ಗಂಡಸರ ಟೂರ್ನಿಯಲ್ಲಿ ಅದುವರೆಗೆ ಅಂಥ 135 ಪಂದ್ಯ ನಡೆದಿದ್ದವು, 135ನ್ನೂ ಒಂದನೆಯವರೇ ಗೆದ್ದಿದ್ದರು. ಮಾರ್ಚ್ 16ರಂದು ಮೇರಿಲ್ಯಾಂಡಿನ ಯುಎಂಬಿಸಿ ಎದುರಿಗೆ. ಚೆಸ್‌ ತಂಡಕ್ಕೆ ಹೆಸರಾದ ವಿಶ್ವವಿದ್ಯಾಲಯ ಅದು, ಬ್ಯಾಸ್ಕೆಟ್‌ಬಾಲ್‌ಗಲ್ಲ. ಅರ್ಧಕ್ಕೆ 21–21. ಮುಗಿದಾಗ ಯುಎಂಬಿಸಿ 74, ವರ್ಜೀನಿಯಾ 54.

ದೇಶದ ಅತಿ ಗಟ್ಟಿ ಕೋಟೆ, ಒಂದೇ ಅರ್ಧದಲ್ಲಿ 53 ಪಾಯಿಂಟ್ ಬಿಟ್ಟುಕೊಟ್ಟಿತು. ಹೇಗೆ ಅಂದರೆ, ಎದುರಾಳಿ ಹುಡುಗರು ಒಳಗೆ ಬರಲೇಬೇಕು ಅಂತ ಹಟ ಹಿಡಿಯಲಿಲ್ಲ. 24 ತ್ರೀ ಪಾಯಿಂಟರ್ ಹೊಡೆದು 12 ಹಾಕಿದರು. ವರ್ಜೀನಿಯಾ 22 ಹೊಡೆದು ನಾಲ್ಕು ಹಾಕಿತು. ವ್ಯತ್ಯಾಸ ಎಂಟು ಬುಟ್ಟಿ, 24 ಪಾಯಿಂಟ್. ಸೋತದ್ದು 20ರಲ್ಲಿ. ಅಷ್ಟೇ ಪಂದ್ಯ. ವರ್ಜೀನಿಯಾದ ಡಿ'ಆಂಡ್ರೆ ಹಂಟರ್ ಮಣಿಕಟ್ಟು ಮುರಿದು ಹೊರಗಿದ್ದ ಅನ್ನೋದೂ ನಿಜ. ಆದರೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಹತ್ತು ಹನ್ನೆರಡು ಪಾಯಿಂಟ್ ಹಿಂದೆ ಬಿದ್ದ ಮೇಲೆ ವರ್ಜೀನಿಯಾ ಹುಡುಗರ ಮುಖ ನೋಡಬೇಕಿತ್ತು. ಓಡಿಹೋಗಿ ಹಿಡಿಯುವ ಅಭ್ಯಾಸವೇ ಅವರಿಗೆ ಇರಲಿಲ್ಲ. ಯಾವತ್ತೂ ಸಾಲ ಮಾಡದ ಮನುಷ್ಯನಿಗೆ ಒಂದು ದಿನ ಸಾಲ ಬೇಕಾದಾಗ ಯಾರ ಬಾಗಿಲು ತಟ್ಟಬೇಕು ಅಂತ ತಿಳಿಯೋದಿಲ್ಲವಲ್ಲ, ಹಾಗಿದ್ದರು.

ತಗೋ, ಹೆಸರು ಹೇಳಿದ್ದೇನೆ. ಎರಡು ಸಲ.

ಪ್ರಶ್ನೆ: ನಿಧಾನವಾಗಿ ಆಡೋದೇ ತಪ್ಪು ಅಂತ ನನ್ನ ವಾದ. ಒಪ್ತೀರಾ? — ಬ್ಯಾಂಕ್ ನೌಕರ, ಉಡುಪಿ

ಅರ್ಧ ಒಪ್ಪುತ್ತೇನೆ. ವರ್ಜೀನಿಯಾದವರು ದೇಶದಲ್ಲೇ ಅತಿ ನಿಧಾನದ ತಂಡ ಅನ್ನಿಸಿಕೊಂಡವರು. ಬೆನೆಟ್ ಕಾಲದಲ್ಲಿ ಒಂದು ಪಂದ್ಯಕ್ಕೆ ಅವರಿಗೆ ಚೆಂಡು ಸಿಗುತ್ತಿದ್ದದ್ದು ಅರವತ್ತು ಸಲದ ಆಸುಪಾಸು. ಅರವತ್ತು ಸಲದಲ್ಲಿ 49 ಹೊಡೆದರೂ ಅದು ಕಳಪೆಯೇ. ಹಾಗಾಗಿ ಕಡಿಮೆ ಪಾಯಿಂಟಿಗೆಲ್ಲ ನಿಧಾನವೇ ಕಾರಣ ಅನ್ನಬೇಡಿ. ಪ್ರತಿ ಸಲಕ್ಕೆ ಎಷ್ಟು ಬಂತು ಅಂತ ಭಾಗಿಸಿ ನೋಡಿ. ಒಂದಕ್ಕಿಂತ ಮೇಲಿದ್ದರೆ ಸರಿ, ನಿಧಾನವಾಗಿಯೇ ಇರಲಿ.

ನಿಧಾನದ ನಿಜವಾದ ಅಪಾಯ ಬೇರೆ. ನೀವು ಎದುರಾಳಿಗಿಂತ ಒಳ್ಳೆಯವರು ಅಂತಿಟ್ಟುಕೊಳ್ಳಿ. ಆಟ ಉದ್ದವಾದಷ್ಟೂ ನಿಮ್ಮ ಒಳ್ಳೆಯತನ ಲೆಕ್ಕಕ್ಕೆ ಬರುತ್ತದೆ. ಟೆಸ್ಟ್ ಪಂದ್ಯದಲ್ಲಿ ಬಲಿಷ್ಠರೇ ಗೆಲ್ಲೋದು ಜಾಸ್ತಿ, ಹತ್ತು ಓವರಿನ ಆಟದಲ್ಲಿ ಯಾರು ಬೇಕಾದರೂ ಗೆಲ್ಲಬಹುದು. ವರ್ಜೀನಿಯಾ ತಾನು ಬಲಿಷ್ಠ ತಂಡವಾಗಿದ್ದುಕೊಂಡು ತನ್ನ ಆಟವನ್ನು ತಾನೇ ಮೊಟಕು ಮಾಡಿಕೊಳ್ಳುತ್ತಿತ್ತು. ಅದೃಷ್ಟಕ್ಕೆ ತಾನೇ ಕುರ್ಚಿ ಹಾಕಿ ಕೂರಿಸಿದ ಹಾಗೆ.

ಚೆಂಡು ಹಿಡಿದುಕೊಂಡು ಹೊತ್ತು ಕಳೆಯುವ ವಿದ್ಯೆಯ ಪೆಟ್ಟು ಅವರಿಗೆ ಮೊದಲೇ ಗೊತ್ತಿತ್ತು ಅನ್ನೋದು ತಮಾಷೆ. 1982ರ ಎಸಿಸಿ ಫೈನಲ್‌ನಲ್ಲಿ ಮೈಕೇಲ್ ಜೋರ್ಡನ್ ಇದ್ದ ನಾರ್ತ್ ಕೆರೊಲಿನಾ, ಶಾಟ್ ಕ್ಲಾಕ್ ಇಲ್ಲದ ಆ ಕಾಲದಲ್ಲಿ ನಿಮಿಷಗಟ್ಟಲೆ ಚೆಂಡು ಬಚ್ಚಿಟ್ಟುಕೊಂಡು ಇದೇ ವರ್ಜೀನಿಯಾವನ್ನು 47–45ಕ್ಕೆ ಸೋಲಿಸಿತು. ನೋಡಿದವರಿಗೆ ರೇಗಿಹೋಯಿತು. ಅಂಥ ಆಟಗಳು ಕಂಡೇ ಕೊನೆಗೆ 1985–86ರಲ್ಲಿ 45 ಸೆಕೆಂಡಿನ ಶಾಟ್ ಕ್ಲಾಕ್ ಬಂತು, ಆಮೇಲೆ 35, 2015ರಿಂದ 30. ನಮ್ಮಲ್ಲೂ 2000ನೇ ಇಸವಿಗೆ ಮುಂಚೆ 30 ಇತ್ತು. ನನ್ನ ಹುಡುಗರಿಗೆ ಆ 30 ಸಾಲುತ್ತಿರಲಿಲ್ಲ.

ಪ್ರಶ್ನೆ: ಅಷ್ಟು ಕೆಟ್ಟ ಅಫೆನ್ಸ್ ಆಗಿದ್ದರೆ 2019ರಲ್ಲಿ ಚಾಂಪಿಯನ್ ಆದದ್ದು ಹೇಗೆ? ನಿಮ್ಮ ವಾದವೇ ಬಿದ್ದುಹೋಯಿತಲ್ಲ! — ಎಂಜಿನಿಯರ್, ಬೆಂಗಳೂರು

ಬೀಳಲಿಲ್ಲ, ಅಲ್ಲೇ ಎದ್ದು ನಿಂತಿತು. ಆ ವರ್ಷ ಅವರ ಅಫೆನ್ಸ್ ಕೆಟ್ಟದಾಗಿರಲೇ ಇಲ್ಲ. ಕಾಲೇಜು ಬ್ಯಾಸ್ಕೆಟ್‌ಬಾಲ್ ಲೆಕ್ಕಕ್ಕೆ ಹೆಸರಾದ ಕೆನ್ ಪಾಮರಾಯ್ ಅವರ ಪಟ್ಟಿಯಲ್ಲಿ, ಚೆಂಡು ಸಿಕ್ಕ ಪ್ರತಿ ಸಲಕ್ಕೆ ಎಷ್ಟು ಪಾಯಿಂಟ್ ಅನ್ನುವ ಲೆಕ್ಕದಲ್ಲಿ, ವರ್ಜೀನಿಯಾ ಅಫೆನ್ಸ್ ದೇಶಕ್ಕೇ ಎರಡನೆಯದು. ಡಿಫೆನ್ಸ್ ಐದನೆಯದು. ಅದೇ ಕೋಚ್, ಅದೇ ಕಾಣದ ಗೆರೆ, ಅದೇ ನಿಧಾನ. ಬದಲಾದದ್ದು ಏನು? ಕೈಲ್ ಗೈ, ಟೈ ಜೆರೋಮ್, ಡಿ'ಆಂಡ್ರೆ ಹಂಟರ್. ಮೂವರೂ ಎಲ್ಲಿಂದ ಬೇಕಾದರೂ ಹೊಡೆಯಬಲ್ಲವರು.

ಆ ಟೂರ್ನಿಯ ಕೊನೆಯ ಮೂರು ಪಂದ್ಯ ನೋಡಿ, ಮೂರರಲ್ಲೂ ತಂಡವನ್ನು ಉಳಿಸಿದ್ದು ಒಂದು ಶಾಟ್. ಪರ್ಡ್ಯೂ ಮೇಲೆ ಸಮಯ ಮುಗಿಯುವ ಕ್ಷಣಕ್ಕೆ ಕಿಹೈ ಕ್ಲಾರ್ಕ್ ಎನ್ನುವ ಪುಟ್ಟ ಗಾರ್ಡ್ ಅಂಗಳದ ಆಚೆ ಅರ್ಧದಿಂದ ಎಸೆದ ಪಾಸು, ಮಮಾಡಿ ಡಿಯಾಕಿಟೆಯ ಬುಟ್ಟಿ, ಆಮೇಲೆ ಹೆಚ್ಚುವರಿ ಸಮಯದಲ್ಲಿ 80–75. ಆಬರ್ನ್ ಮೇಲೆ 0.6 ಸೆಕೆಂಡ್ ಉಳಿದಿದ್ದಾಗ ಎರಡು ಪಾಯಿಂಟ್ ಹಿಂದೆ. ಕೈಲ್ ಗೈಗೆ ಮೂರು ಫ್ರೀ ಥ್ರೋ, ಫೌಲಿಗೆ ಸಿಗುವ, ಯಾರೂ ತಡೆಯದ ಒಂದೊಂದು ಪಾಯಿಂಟಿನ ಎಸೆತ. ಇಡೀ ಕ್ರೀಡಾಂಗಣ ಕಿರುಚುವಾಗ ಮೂರನ್ನೂ ಹಾಕಿದ, 63–62. ಏಪ್ರಿಲ್ 8ರಂದು ಮಿನಿಯಾಪೊಲಿಸ್‌ನಲ್ಲಿ ಫೈನಲ್, ಟೆಕ್ಸಸ್ ಟೆಕ್ ಮೇಲೆ. ಎರಡೂ ಡಿಫೆನ್ಸಿಗೆ ಹೆಸರಾದ ತಂಡ. ಎಲ್ಲರೂ ಐವತ್ತು ಐವತ್ತರ ಜಗ್ಗಾಟ ಅಂದುಕೊಂಡಿದ್ದರು. ಹಂಟರ್ 27 ಹೊಡೆದ. ಹನ್ನೆರಡು ಸೆಕೆಂಡ್ ಉಳಿದಾಗ ಮೂಲೆಯಿಂದ ಅವನು ಹಾಕಿದ ತ್ರೀ ಪಾಯಿಂಟರ್ ಆಟವನ್ನು ಹೆಚ್ಚುವರಿ ಸಮಯಕ್ಕೆ ತಂದಿತು. ಅಲ್ಲಿ ಸಿಕ್ಕ ಹನ್ನೆರಡು ಫ್ರೀ ಥ್ರೋಗಳಲ್ಲಿ ಹನ್ನೆರಡೂ ಒಳಗೆ. 85–77.

ಆಮೇಲೆ ಮೂವರೂ ಎನ್‌ಬಿಎಗೆ ಹೊರಟುಹೋದರು. ಅದೇ ವರ್ಷ ತ್ರೀ ಪಾಯಿಂಟ್ ಗೆರೆಯನ್ನೂ ಹಿಂದಕ್ಕೆ ತಳ್ಳಿ ನಾವು ಆಡುವ 6.75 ಮೀಟರಿಗೆ ತಂದರು. ಮುಂದಿನ ಋತುವಿನಲ್ಲಿ ವರ್ಜೀನಿಯಾ ಪಂದ್ಯಕ್ಕೆ ಸರಾಸರಿ ಬಿಟ್ಟುಕೊಟ್ಟದ್ದು 52.4, ದೇಶದಲ್ಲೇ ಕಡಿಮೆ. ಹೊಡೆದದ್ದು 57. ಅಷ್ಟು ಸಣ್ಣ ಅಂತರದಲ್ಲೇ 23 ಪಂದ್ಯ ಗೆದ್ದರು, ಅದು ಅವರ ಕಾವಲಿನ ದೊಡ್ಡಸ್ತಿಕೆ, ನಾನು ಅಲ್ಲಗಳೆಯೋದಿಲ್ಲ. ಆದರೆ ಟೂರ್ನಿಯಲ್ಲಿ? 2021ರಲ್ಲಿ ಓಹಾಯೊ ವಿಶ್ವವಿದ್ಯಾಲಯದ ಮೇಲೆ ಸೋಲು. 2023ರಲ್ಲಿ ಫರ್ಮನ್ ಅನ್ನುವ ಸಣ್ಣ ಕಾಲೇಜಿನ ಮೇಲೆ 68–67ರ ಸೋಲು. ಮುಂದೆ ಇದ್ದವರು, ಕೆಲವೇ ಸೆಕೆಂಡ್ ಬಾಕಿ, ಮೂಲೆಯಲ್ಲಿ ಸಿಕ್ಕಿಬಿದ್ದ ಹುಡುಗ ಗಾಬರಿಯಲ್ಲಿ ಚೆಂಡನ್ನು ಎತ್ತಿ ಎಸೆದ, ಅವರು ಹಿಡಿದು ತ್ರೀ ಪಾಯಿಂಟರ್ ಹಾಕಿಬಿಟ್ಟರು. ಎಸೆದವನು ಯಾರು ಗೊತ್ತೇ? ನಾಲ್ಕು ವರ್ಷದ ಹಿಂದೆ ಆ ಚಿನ್ನದಂಥ ಪಾಸ್ ಕೊಟ್ಟಿದ್ದ ಅದೇ ಕ್ಲಾರ್ಕ್. ನನಗೆ ಆ ಹುಡುಗನನ್ನು ನೆನೆದರೆ ಈಗಲೂ ಸಂಕಟ. ಹತ್ತು ಪಾಯಿಂಟ್ ಮುಂದಿದ್ದರೆ ಆ ಎಸೆತ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಪ್ರಶ್ನೆ: ಕೋಟಿಗಟ್ಟಲೆ ದುಡ್ಡು, ಹವಾನಿಯಂತ್ರಿತ ಅಂಗಳ, ಹತ್ತು ಜನ ಕೋಚುಗಳು. ಆದರೂ ಹುಡುಗರಿಗೆ ಚೆಂಡನ್ನು ಬುಟ್ಟಿಗೆ ಹಾಕೋದು ಕಲಿಸೋಕೆ ಆಗಲ್ವಾ? — ಕ್ರಿಕೆಟ್ ಪ್ರೇಮಿ, ದಾವಣಗೆರೆ

ನಿಮ್ಮ ಆಟದಿಂದಲೇ ಉತ್ತರ ಹೇಳುತ್ತೇನೆ. 2010ರ ಜನವರಿಯಲ್ಲಿ ನಮ್ಮ ಗಂಗೋತ್ರಿ ಗ್ಲೇಡ್ಸ್‌ನಲ್ಲಿ ರಣಜಿ ಫೈನಲ್. ಮುಂಬೈಯನ್ನು ನಮ್ಮ ಬೌಲರುಗಳು 233ಕ್ಕೆ ಹೆಡೆಮುರಿ ಕಟ್ಟಿದರು. ನಾನು ಮರದ ನೆರಳಲ್ಲಿ ನಿಂತು ಸಿಳ್ಳೆ ಹೊಡೆದವನೇ. ನಮ್ಮವರು ಬ್ಯಾಟ್ ಹಿಡಿದು ಹೋಗಿ 130ಕ್ಕೆ ಆಲ್ ಔಟ್. ಎರಡನೇ ಇನಿಂಗ್ಸಿನಲ್ಲಿ ಮನೀಶ್ ಪಾಂಡೆ ಶತಕ ಬಾರಿಸಿ ಪವಾಡವೇ ಮಾಡಿದರು, ಆದರೂ ಆರು ರನ್ನಿಂದ ಸೋತೆವು. ಆರು! ಆ 130ರ ದಿನ ನಮ್ಮವರಿಗೆ ಬ್ಯಾಟಿಂಗ್ ಬರುತ್ತಿರಲಿಲ್ಲವೇ? ಬರುತ್ತಿತ್ತು. ಕೈ ಕೆಲವು ದಿನ ಮಾತು ಕೇಳೋದಿಲ್ಲ. ಕಾಲು ದಿನಾ ಕೇಳುತ್ತದೆ. ಡಿಫೆನ್ಸ್ ಕಾಲಿನ ಕೆಲಸ, ಶೂಟಿಂಗ್ ಕೈಯ ಕೆಲಸ.

ಕಲಿಸುವ ವಿಚಾರಕ್ಕೆ ಬಂದರೆ, ಟೋನಿ ಬೆನೆಟ್ ಅವರೇ ಶೂಟಿಂಗಿನಲ್ಲಿ ಅಸಾಮಾನ್ಯರು. ಅಪ್ಪನ ಕೈಕೆಳಗೆ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಕಾಲೇಜಿನಲ್ಲಿ ಆಡುವಾಗ ಹೊಡೆದ ತ್ರೀ ಪಾಯಿಂಟರ್‌ಗಳಲ್ಲಿ 49.7 ಶೇಕಡಾ ಹಾಕಿದವರು. ಅಮೆರಿಕದ ಕಾಲೇಜು ದಾಖಲೆ ಅದು. ಎರಡು ಹೊಡೆದರೆ ಒಂದು ಒಳಗೆ, ಕಾಲೇಜು ಮುಗಿಯುವವರೆಗೂ! ಅಂಥವರ ತಂಡವೇ ಅರ್ಧ ಆಟಕ್ಕೆ 14 ಹೊಡೆದದ್ದು. ಶಿಸ್ತನ್ನು ಹದಿನೆಂಟು ವರ್ಷದ ಹುಡುಗನಿಗೆ ಒಂದು ಮಳೆಗಾಲದಲ್ಲಿ ತುಂಬಬಹುದು. ಶಾಟ್ ಹತ್ತು ವರ್ಷದವನಿದ್ದಾಗ ಯಾರೋ ಹಿತ್ತಲಲ್ಲಿ ಬಿತ್ತಿರಬೇಕು. ಬೆನೆಟ್ ಹೊಡೆಯುವವರನ್ನು ತಂದ ವರ್ಷ ಗೆದ್ದರು, ತರಲಾಗದ ವರ್ಷ ಕಾವಲಿನಿಂದ ಮಾನ ಉಳಿಸಿಕೊಂಡರು.

ಪ್ರಶ್ನೆ: ಈಗ ಆ ಬೆನೆಟ್ ಎಲ್ಲಿದ್ದಾರೆ? — ಗೃಹಿಣಿ, ತುಮಕೂರು

2024ರ ಅಕ್ಟೋಬರಿನಲ್ಲಿ, ಋತು ಶುರುವಾಗಲು ಮೂರು ವಾರ ಇರುವಾಗ, ಕೆಲಸ ಬಿಟ್ಟರು ತಾಯಿ. ಆಟಗಾರರು ವರ್ಷವರ್ಷಕ್ಕೂ ಕಾಲೇಜು ಬದಲಿಸುವ, ದುಡ್ಡಿನ ಮಾತೇ ಮುಂದಾದ ಈ ಕಾಲಕ್ಕೆ ತಾನು ತಕ್ಕವನಲ್ಲ ಅಂತ ನೇರವಾಗಿ ಹೇಳಿ ಹೊರಟರು. ನಾಲ್ಕು ವರ್ಷ ಒಬ್ಬನನ್ನೇ ತಿದ್ದುವ ಮೇಷ್ಟ್ರುಗಿರಿ ಅದು, ಹುಡುಗ ಒಂದೇ ವರ್ಷ ಇರುತ್ತಾನೆ ಅಂದರೆ ಕಾಣದ ಗೆರೆ ಕಾಣಿಸೋದು ಯಾವಾಗ? 2025ರಲ್ಲಿ ಬಂದ ಹೊಸ ಕೋಚ್ ರಯಾನ್ ಓಡಮ್. ನನ್ನ ಮಗಳ ಊರಿನ ವಿಸಿಯು ಅನ್ನುವ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿದ್ದವರು. ಅದಕ್ಕೂ ಮುಂಚೆ? 2018ರ ಆ ರಾತ್ರಿ ಯುಎಂಬಿಸಿ ಬೆಂಚಿನಲ್ಲಿ ನಿಂತಿದ್ದ ಕೋಚ್ ಅವರೇ. ಬಾಲ್ಟಿಮೋರಿನ ಹುಡುಗ ಇದನ್ನು ಓದಿ ಮೀಸೆ ತಿರುವುತ್ತಾನೆ, ತಿರುವಲಿ.

ಪ್ರಶ್ನೆ: ನಾನೂ ನಿಮ್ಮ ಹಾಗೆ ಪಿ.ಇ. ಮೇಷ್ಟ್ರು. ನನ್ನ ಕಾಲೇಜ್ ಹುಡುಗರು ಯಾರಿಗೂ 45ರ ಮೇಲೆ ಬಿಟ್ಟುಕೊಡೋದಿಲ್ಲ, ತಾವು 38 ದಾಟೋದಿಲ್ಲ. ದಿನಕ್ಕೆ ಒಂದೂವರೆ ಗಂಟೆ ಮಾತ್ರ ಅಂಗಳ ಸಿಗುತ್ತೆ. ಏನು ಮಾಡಲಿ? — ದೈಹಿಕ ಶಿಕ್ಷಣ ನಿರ್ದೇಶಕರು, ಶಿವಮೊಗ್ಗ

ಮೊದಲು ನಾನು ಏನು ಮಾಡಿದೆ ಅಂತ ಹೇಳುತ್ತೇನೆ, ನೀವು ಅದನ್ನು ಮಾಡಬೇಡಿ.

1994. ಸಿಮೆಂಟ್ ಕೋರ್ಟ್, ಒಂದು ರಿಂಗಿಗೆ ಬಲೆ ಇಲ್ಲ, ಸಂಜೆ ಆರಕ್ಕೆ ಬೆಳಕಿಲ್ಲ. ನನ್ನ ಹತ್ತಿರ ಎತ್ತರದವರಿರಲಿಲ್ಲ. ಹಾಗಾಗಿ ಜೂನಿನಿಂದ ಕಾಲು, ಬರೀ ಕಾಲು. ಕೈ ಬೆನ್ನಿಗೆ ಕಟ್ಟಿಸಿ ಅಡ್ಡಡ್ಡ ಓಡಿಸುತ್ತಿದ್ದೆ. ತಂಡದಲ್ಲಿ ಒಬ್ಬ ಎಡಗೈ ಹುಡುಗ ಇದ್ದ, ಕಬ್ಬಿನ ಊರಿನವನು, ಕೊನೇ ಬಸ್ಸಿಗೆ ಓಡುವವನು. ಆಲೆಮನೆ ಗೋಡೆಗೆ ಹಳೇ ಗಾಡಿ ಚಕ್ರದ ಕಬ್ಬಿಣದ ಪಟ್ಟಿ ಜಡಿದು ಅದಕ್ಕೆ ಚೆಂಡು ಹಾಕಿ ಕಲಿತಿದ್ದನಂತೆ. ಎಡ ಮೂಲೆಯಲ್ಲಿ ನಿಂತರೆ ಹತ್ತಕ್ಕೆ ಆರು. ಕಾವಲಿನಲ್ಲಿ ಮಾತ್ರ ಸೋಂಬೇರಿ, ಕೈ ಕೆಳಗೆ ಬಿಟ್ಟು ನಿಲ್ಲುತ್ತಿದ್ದ. ನನಗೆ ರೇಗುತ್ತಿತ್ತು. ಬೆಂಚಿನಲ್ಲಿ ಕೂರಿಸಿದೆ. "ಕೈ ಎತ್ತೋದು ಕಲಿ, ಆಮೇಲೆ ಚೆಂಡು ಮುಟ್ಟು" ಅಂದೆ.

ಅಂತರ ಕಾಲೇಜು ಟೂರ್ನಿಯ ಫೈನಲ್‌ವರೆಗೆ ಹೋದೆವು. ಎದುರಾಳಿಯನ್ನು 41ಕ್ಕೆ ಹಿಡಿದೆವು. ನಮ್ಮದು 36. ಕೊನೆಯ ನಾಲ್ಕು ನಿಮಿಷ ಒಂದೂ ಬುಟ್ಟಿ ಇಲ್ಲ. ನಲವತ್ತು ಸೆಕೆಂಡ್ ಉಳಿದಾಗ ಆ ಹುಡುಗನನ್ನು ಎಬ್ಬಿಸಿ ಕಳಿಸಿದೆ. ಒಂದು ಗಂಟೆ ಬೆಂಚಿನ ಮೇಲೆ ಕೂತು ತಣ್ಣಗಾದ ಕೈ. ಅವನಿಗೆ ಇಷ್ಟವಾದ ಮೂಲೆಯಲ್ಲೇ ಚೆಂಡು ಸಿಕ್ಕಿತು, ಹೊಡೆದ, ರಿಂಗಿನ ಹಿಂಬದಿಗೆ ಬಡಿದು ಹಾರಿತು. ಅವನು ನನ್ನ ಕಡೆ ತಿರುಗಿ ನೋಡಲಿಲ್ಲ. ಮರುವರ್ಷ ತಂಡಕ್ಕೂ ಬರಲಿಲ್ಲ. ಅವನ ಕಾವಲನ್ನು ಉಳಿದ ನಾಲ್ವರು ಮುಚ್ಚಿಕೊಳ್ಳುವ ಹಾಗೆ ಕಲಿಸಬಹುದಿತ್ತು, ಆ ಕಾಣದ ಗೆರೆ ಇರುವುದೇ ಅದಕ್ಕೆ. ಅವನ ಶಾಟನ್ನು ಉಳಿದ ನಾಲ್ವರು ಹೊಡೆಯುವ ಹಾಗೆ ಕಲಿಸೋಕೆ ನನ್ನಿಂದ ಆಗುತ್ತಿರಲಿಲ್ಲ. ಇದು ಹೊಳೆಯೋಕೆ ಮೂವತ್ತು ವರ್ಷ, ಒಂದು ವಿಮಾನದ ಟಿಕೆಟ್ ಬೇಕಾಯಿತು.

ಈಗ ನಿಮ್ಮ ಒಂದೂವರೆ ಗಂಟೆ. ಕಾವಲು ಆಗಲೇ ಇದೆ, ಅದಕ್ಕೆ ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಉಳಿದದ್ದೆಲ್ಲ ಚೆಂಡು ರಿಂಗಿಗೆ. ಹೊಡೆದದ್ದನ್ನು ಎಣಿಸಬೇಡಿ, ಒಳಗೆ ಬಿದ್ದದ್ದನ್ನು ಎಣಿಸಿ. ಒಬ್ಬೊಬ್ಬನೂ ಐವತ್ತು ಹಾಕಿಯೇ ಮನೆಗೆ. ಪ್ರತಿಯೊಬ್ಬನಿಗೂ ತನ್ನದು ಅನ್ನುವ ಎರಡು ಜಾಗ ಇರಲಿ, ಅಂಗಳದ ತುಂಬೆಲ್ಲ ಹೊಡೆಯೋದು ಬೇಡ. ಫ್ರೀ ಥ್ರೋವನ್ನು ಆರಾಮಾಗಿ ನಿಂತು ಹೊಡೆಸಬೇಡಿ, ಎರಡು ಸುತ್ತು ಓಡಿಸಿ ಏದುಸಿರು ಬಿಡುವಾಗ ಹೊಡೆಸಿ. 2024ರ ಎಸಿಸಿ ಸೆಮಿಫೈನಲ್‌ನಲ್ಲಿ ವರ್ಜೀನಿಯಾ ಮೂರು ಪಾಯಿಂಟ್ ಮುಂದಿತ್ತು, ಐದು ಸೆಕೆಂಡ್ ಚಿಲ್ಲರೆ ಬಾಕಿ. ಒಂದು ಫ್ರೀ ಥ್ರೋ ತಪ್ಪಿತು. ಎನ್‌ಸಿ ಸ್ಟೇಟ್ ಹುಡುಗ ಓಡಿಬಂದು ಬೋರ್ಡಿಗೆ ಬಡಿದು ತ್ರೀ ಪಾಯಿಂಟರ್ ಹಾಕಿದ, ಹೆಚ್ಚುವರಿ ಸಮಯದಲ್ಲಿ 73–65ಕ್ಕೆ ಗೆದ್ದರು, ಅಲ್ಲಿಂದ ದೇಶದ ಕೊನೆಯ ನಾಲ್ಕರವರೆಗೂ ಹೋದರು. ವರ್ಜೀನಿಯಾ ನಾಲ್ಕು ದಿನ ಬಿಟ್ಟು ಡೇಟನ್ನಿನಲ್ಲಿ ಹದಿನಾಲ್ಕು ಹೊಡೆಯಿತು.

ಇನ್ನೊಂದು. ನಿಮ್ಮ ಹುಡುಗರ ಕಾವಲು ಅಷ್ಟು ಗಟ್ಟಿಯಿದ್ದರೆ ಅದರಿಂದಲೇ ಪಾಯಿಂಟ್ ಹುಟ್ಟಿಸಿ. ಚೆಂಡು ಕಸಿದ ಕೂಡಲೇ ಇಬ್ಬರು ಎರಡು ಬದಿಯಲ್ಲಿ ಓಡಲಿ, ಎದುರಾಳಿ ಕೋಟೆ ಕಟ್ಟಿಕೊಳ್ಳುವ ಮುಂಚೆ ಲೇ-ಅಪ್. ಪಂದ್ಯಕ್ಕೆ ಅಂಥವು ನಾಲ್ಕು ಸಿಕ್ಕರೆ ಎಂಟು ಪಾಯಿಂಟ್, ನಿಮ್ಮ 38 ಅಲ್ಲಿಗೇ 46. ವರ್ಜೀನಿಯಾದವರು ಕಸಿದ ಚೆಂಡನ್ನೂ ನಿಧಾನಕ್ಕೆ ನಡೆಸಿಕೊಂಡು ಹೋಗುತ್ತಿದ್ದದ್ದು ನೋಡಿ ನಾನು ಕುರ್ಚಿಯಲ್ಲೇ "ಓಡೋ!" ಅಂತ ಕೂಗಿದ್ದೆ. ಪಕ್ಕದಲ್ಲಿದ್ದ ಅಜ್ಜಿ ಬೆಚ್ಚಿಬಿದ್ದರು. ಆಮೇಲೆ ಎದುರಾಳಿಯ ಶಾಟ್ ಕ್ಲಾಕ್ ಹತ್ತಕ್ಕೆ ಇಳಿದಾಗ ಹದಿನಾಲ್ಕು ಸಾವಿರ ಜನದ ಆ ಅಂಗಳವೇ ಎದ್ದು ಕೂಗಿತು, ಅಜ್ಜಿಯೂ ಎದ್ದರು. ಕಾವಲಿಗೆ ಚಪ್ಪಾಳೆ ಹೊಡೆಯುವ ಜನ, ಅದೊಂದು ಮಾತ್ರ ನಮ್ಮಲ್ಲಿಗೂ ಬರಲಿ ಅಂತ ಆಸೆ.

ಮತ್ತೆ, ನಿಮ್ಮ ಬೆಂಚಿನ ಕೊನೆಯಲ್ಲಿ ಕೈ ಕೆಳಗೆ ಬಿಟ್ಟು ಕೂತ ಹುಡುಗ ಯಾರಾದರೂ ಇದ್ದಾನಾ? ನಾಳೆ ಅವನನ್ನು ಮೊದಲ ಐವರಲ್ಲಿ ಇಳಿಸಿ.

ಪ್ರಶ್ನೆ: ಮೇಷ್ಟ್ರೇ, ನೀವು ಈಗಲೂ ಆಡ್ತೀರಾ? — ಏಳನೇ ತರಗತಿ, ಚನ್ನಪಟ್ಟಣ

ಮಂಡಿ ಬಿಡಲ್ಲ ಪುಟ್ಟ. ಬೆಳಗ್ಗೆ ವಾಕಿಂಗ್ ಹೋದಾಗ ಶಾಲೆ ಅಂಗಳದಲ್ಲಿ ಹತ್ತು ಫ್ರೀ ಥ್ರೋ ಮಾತ್ರ. ನಿನ್ನೆ ಆರು ಬಿತ್ತು. ಇವತ್ತು ನಾಲ್ಕು.